ಹೊಸ ಯಂತ್ರ, ಹಳೆಯ ಆಟಗಳು: ತೊಂಬತ್ತರ ದಶಕದ ಟಿವಿ ವಿಡಿಯೊ ಗೇಮ್

1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ‘ಹೊಸ ವಿಡಿಯೊ ಗೇಮ್’ ಎಂದು ಬಂದದ್ದು ಬಹುಪಾಲು ಒಂದೇ ವಂಶದ ಯಂತ್ರ. ಡಬ್ಬಿಯ ಮೇಲಿನ ಹೆಸರು ಸಮುರಾಯ್, ಮೀಡಿಯಾ, ಲಿಟ್ಲ್ ಮಾಸ್ಟರ್ ಎಂದು ಬೇರೆ ಬೇರೆ ಇರುತ್ತಿತ್ತು. ಎಷ್ಟೋ ಡಬ್ಬಿಗಳ ಮೇಲೆ ನೆನಪಿಡುವಂಥ ಹೆಸರೇ ಇರುತ್ತಿರಲಿಲ್ಲ. ಒಳಗಿನ ವಿನ್ಯಾಸ ಮಾತ್ರ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಲಿ ಕಂಪ್ಯೂಟರ್‌ನದು. ಜಪಾನಿನವರು ಅದನ್ನು ಚಿಕ್ಕದಾಗಿ ಫ್ಯಾಮಿಕಾಮ್ ಎನ್ನುತ್ತಾರೆ. ಆ ದಶಕದ ಬೇಸಿಗೆ ರಜೆಗಳನ್ನು ಟಿವಿಯ ಮುಂದೆ ಕಳೆದ ಮಕ್ಕಳು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಯಾರನ್ನು ಕೇಳಿದರೂ ಹೇಳುವ ಆಟಗಳ ಪಟ್ಟಿ ಹೆಚ್ಚುಕಡಿಮೆ ಒಂದೇ: ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ, ಟ್ಯಾಂಕ್, ಬೈಕ್ ರೇಸ್, ಬಾಂಬರ್‌ಮ್ಯಾನ್, ಸರ್ಕಸ್. ಊರು ಬೇರೆ, ಮನೆ ಬೇರೆ, ಯಂತ್ರದ ಹೆಸರು ಬೇರೆ. ಆಟಗಳು ಮಾತ್ರ ಅವೇ. ಇದು ಆಕಸ್ಮಿಕವಲ್ಲ. ಯಾವ ಆಟ ಅಗ್ಗದ ಚಿಪ್‌ನಲ್ಲಿ ಹಿಡಿಸುತ್ತಿತ್ತೋ ಅದೇ ಆಟ ಇಲ್ಲಿಯವರೆಗೆ ಬಂತು, ಒಂದು ಪೀಳಿಗೆಯ ನೆನಪಾಯಿತು.

ಮೂಲ ಯಂತ್ರ ಜಪಾನಿನ ಅಂಗಡಿಗಳಿಗೆ ಬಂದದ್ದು 1983ರ ಜುಲೈ 15ರಂದು. ಬೆಲೆ 14,800 ಯೆನ್. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಯುಕಿ ಉಎಮುರಾ. ವೀಡಿಯೊ ಆಟದ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಡಾಂಕಿ ಕಾಂಗ್ ಆಟವನ್ನು ಮನೆಯ ಟಿವಿಯಲ್ಲಿ ಚೆನ್ನಾಗಿ ಆಡಿಸಬಲ್ಲ, ಆದರೂ ಕೈಗೆಟಕುವ ಬೆಲೆಯ ಯಂತ್ರ ಬೇಕೆಂಬುದು ಕಂಪನಿಯ ಗುರಿಯಾಗಿತ್ತು. ರಿಕೊ ಕಂಪನಿ ತಯಾರಿಸಿಕೊಟ್ಟ ಅದರ ಮುಖ್ಯ ಚಿಪ್ ಸೆಕೆಂಡಿಗೆ ಸುಮಾರು 17.9 ಲಕ್ಷ ಬಾರಿ ಮಿಡಿಯುತ್ತಿತ್ತು. ಲೆಕ್ಕಾಚಾರಕ್ಕೆ ಇದ್ದ ನೆನಪಿನ ಜಾಗ ಕೇವಲ 2 ಕಿಲೊಬೈಟ್, ಚಿತ್ರಕ್ಕೆ ಇನ್ನೊಂದು 2 ಕಿಲೊಬೈಟ್. ಚಿತ್ರದ ಅಗಲ 256 ಚುಕ್ಕಿ, ಎತ್ತರ 240 ಚುಕ್ಕಿ. ಸಂಗೀತಕ್ಕೆ ಐದು ಧ್ವನಿಗಳು. ಇಂದಿನ ಮೊಬೈಲ್‌ನಲ್ಲಿ ತೆಗೆದ ಒಂದೇ ಒಂದು ಫೋಟೊ ಇಡೀ ಆ ಯಂತ್ರದ ನೆನಪಿನ ಜಾಗಕ್ಕಿಂತ ಸಾವಿರ ಪಟ್ಟು ದೊಡ್ಡದು.

ಕೈಯಲ್ಲಿ ಹಿಡಿಯುವ ಸಾಧನದಲ್ಲೂ ಹೊಸತನವಿತ್ತು. ಅದಕ್ಕೂ ಮೊದಲಿನ ಯಂತ್ರಗಳಲ್ಲಿ ಗೇರಿನಂಥ ಕೋಲು ಇರುತ್ತಿತ್ತು. ಫ್ಯಾಮಿಕಾಮ್‌ನಲ್ಲಿ ಅದರ ಬದಲು ಎಡ ಹೆಬ್ಬೆರಳಿಗೆ ಕೂಡಿಸುವ ಗುರುತಿನ ಆಕಾರದ ಚಪ್ಪಟೆ ಬಟನ್, ಬಲ ಹೆಬ್ಬೆರಳಿಗೆ ಎ ಮತ್ತು ಬಿ ಎಂಬ ಎರಡು ಬಟನ್. ಆ ನಾಲ್ಕು ದಿಕ್ಕಿನ ಬಟನ್ ನಿಂಟೆಂಡೊದ ವಿನ್ಯಾಸಕಾರ ಗುನ್‌ಪೆ ಯೊಕೊಯ್ ಅವರದು. 1982ರಲ್ಲಿ ಅಂಗೈಯಗಲದ ಡಾಂಕಿ ಕಾಂಗ್ ಆಟಕ್ಕೆಂದು ಅವರು ಅದನ್ನು ಮಾಡಿದ್ದರು. ಕೋಲು ಹೋಗಿ ಎಷ್ಟೋ ವರ್ಷವಾದರೂ ನಮ್ಮ ಮಕ್ಕಳು ಅದನ್ನು ಜಾಯ್‌ಸ್ಟಿಕ್ ಎಂದೇ ಕರೆದರು. ನಕಲು ಯಂತ್ರಗಳು ಇದಕ್ಕೆ ಇನ್ನೆರಡು ಬಟನ್ ಸೇರಿಸಿದ್ದವು. ಅವನ್ನು ಒತ್ತಿ ಹಿಡಿದರೆ ಸಾಕು, ಗುಂಡು ಒಂದೇ ಸಮನೆ ಹಾರುತ್ತಿತ್ತು.

ಬಿಡುಗಡೆಯ ದಿನ ಫ್ಯಾಮಿಕಾಮ್‌ಗೆ ಇದ್ದದ್ದು ಮೂರೇ ಆಟ: ಡಾಂಕಿ ಕಾಂಗ್, ಡಾಂಕಿ ಕಾಂಗ್ ಜೂನಿಯರ್, ಪಾಪಾಯ್. ಮೂರೂ ಒಂದೇ ಪರದೆಯೊಳಗೆ ಹತ್ತಿ ಇಳಿದು ಮುಗಿಸುವ ಆಟಗಳು. ಮೊದಲ ಕಂತಿನ ಯಂತ್ರಗಳಲ್ಲಿ ಚಿಪ್ ದೋಷ ಕಂಡುಬಂದು ಕಂಪನಿ ಅವನ್ನು ಹಿಂದಕ್ಕೆ ಪಡೆದು ಸರಿಪಡಿಸಬೇಕಾಯಿತು. ಆಮೇಲೆ ಮಾರಾಟ ಏರಿತು. ಹೊರಗಿನ ಕಂಪನಿಗಳಾದ ಹಡ್ಸನ್, ನಾಮ್ಕೊ, ಕೊನಾಮಿ ಈ ಯಂತ್ರಕ್ಕೆ ಆಟ ಬರೆಯತೊಡಗಿದವು. 1985ರಲ್ಲಿ ಹೊರಮೈ ಬದಲಿಸಿಕೊಂಡು ಅದೇ ಯಂತ್ರ ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು.

ಭಾರತಕ್ಕೆ ಅದು ನೇರ ದಾರಿಯಲ್ಲಿ ಬರಲಿಲ್ಲ. ವಿದೇಶಿ ಗ್ರಾಹಕ ಸರಕುಗಳ ಆಮದಿನ ಮೇಲೆ ಇಲ್ಲಿ ಬಿಗಿ ನಿರ್ಬಂಧಗಳಿದ್ದವು; ಪ್ರಮಾಣ ನಿರ್ಬಂಧಗಳಲ್ಲಿ ಕೊನೆಯವು ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಅಸಲಿ ಯಂತ್ರ ಕಂಡವರು ಗಲ್ಫ್‌ನಲ್ಲೋ ಸಿಂಗಪುರದಲ್ಲೋ ಅಮೆರಿಕದಲ್ಲೋ ನೆಂಟರಿದ್ದವರು ಮಾತ್ರ. ಉಳಿದವರಿಗೆ ದಾರಿ ಮಾಡಿಕೊಟ್ಟದ್ದು ತೈವಾನಿನ ಚಿಪ್ ಉದ್ಯಮ. ಅಲ್ಲಿನ ಯುಎಮ್‌ಸಿಯಂಥ ಕಂಪನಿಗಳು ಫ್ಯಾಮಿಕಾಮ್‌ನ ಚಿಪ್‌ಗಳಿಗೆ ಸರಿಸಮನಾದ ಚಿಪ್ ತಯಾರಿಸಿದವು. ಕ್ರಮೇಣ ಇಡೀ ಯಂತ್ರವೇ ಒಂದು ಚಿಪ್‌ನೊಳಗೆ ಅಡಗಿತು. ಬೋರ್ಡಿನ ಮೇಲೆ ಕರಿ ಅಂಟಿನ ಗುಂಡನೆಯ ಮಚ್ಚೆಯ ಕೆಳಗೆ ಅದು ಕೂತಿರುತ್ತಿತ್ತು. ಬೆಲೆ ಇಳಿಯಿತು, ಯಂತ್ರ ಜಗತ್ತನ್ನು ಸುತ್ತಿತು. ರಷ್ಯಾದಲ್ಲಿ 1992ರ ಕೊನೆಗೆ ಅದು ಡೆಂಡಿ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಪೋಲೆಂಡಿನಲ್ಲಿ ಪೆಗಸಸ್ ಆಯಿತು, ಚೀನಾದಲ್ಲಿ ಕೀಬೋರ್ಡ್ ಹೊತ್ತು ಸುಬೋರ್ ಆಯಿತು. ಹೆಚ್ಚಿನವು ನಿಂಟೆಂಡೊದ ಅನುಮತಿಯಿಲ್ಲದೆ ಆದ ನಕಲುಗಳು. ಬೆಂಗಳೂರಿನಲ್ಲಿ ಇಂಥ ಸರಕಿಗೆ ಹೆಸರಾದ ಜಾಗಗಳು ಎಸ್.ಪಿ. ರಸ್ತೆ ಮತ್ತು ನ್ಯಾಷನಲ್ ಮಾರ್ಕೆಟ್. ಅಲ್ಲಿಂದ ಅವು ಜಿಲ್ಲಾ ಕೇಂದ್ರಗಳ ಎಲೆಕ್ಟ್ರಾನಿಕ್ಸ್ ಅಂಗಡಿ, ಫ್ಯಾನ್ಸಿ ಸ್ಟೋರ್‌ಗಳ ಗಾಜಿನ ಕಪಾಟಿಗೆ ಏರಿದವು. ಕೊಳ್ಳಲಾಗದವರಿಗೆ ಗಂಟೆಯ ಲೆಕ್ಕದಲ್ಲಿ ಆಡಿಸುವ ವಿಡಿಯೊ ಗೇಮ್ ಅಂಗಡಿಗಳಿದ್ದವು.

ಯಂತ್ರ ಮನೆಗೆ ಬಂದ ದಿನದ ಮೊದಲ ಕಷ್ಟ ಆಟದ್ದಲ್ಲ, ಟಿವಿಯದು. ಆಗಿನ ಬಹುತೇಕ ಟಿವಿಗಳಿಗೆ ಸಿಗ್ನಲ್ ಒಳಹೋಗಲು ಇದ್ದದ್ದು ಆಂಟೆನಾದ ಒಂದೇ ತೂತು. ದೂರದರ್ಶನದ ವೈರು ಕಿತ್ತು ಆಟದ ವೈರು ಸಿಕ್ಕಿಸಬೇಕು. ಯಂತ್ರ ತನ್ನ ಚಿತ್ರವನ್ನು ಒಂದು ಪುಟಾಣಿ ಟಿವಿ ಕೇಂದ್ರವೆಂಬಂತೆ ವಿಎಚ್‌ಎಫ್ ಪಟ್ಟಿಯ ಒಂದು ಚಾನೆಲ್‌ನಲ್ಲಿ ಕಳಿಸುತ್ತಿತ್ತು. ಆ ಚಾನೆಲ್ ಹುಡುಕಲು ಟಿವಿಯ ಮುಂದಿನ ಸಣ್ಣ ಮುಚ್ಚಳ ತೆಗೆದು, ಒಳಗಿನ ಹಲ್ಲಿನ ಚಕ್ರವನ್ನು ಉಗುರಿನಿಂದ ತಿರುಗಿಸುತ್ತ ಕೂರಬೇಕಿತ್ತು. ಪರದೆಯ ತುಂಬ ಇರುವೆ ಮುತ್ತಿದಂಥ ಚುಕ್ಕಿಗಳ ನಡುವೆ ಒಮ್ಮೆ ಬಣ್ಣ ಮಿಂಚಿ ಮಾಯವಾಗುತ್ತಿತ್ತು. ಮತ್ತೆ ಅಷ್ಟೇ ಹಿಂದಕ್ಕೆ ತಿರುಗಿಸಿದರೆ ಚಿತ್ರ ನಿಲ್ಲುತ್ತಿತ್ತು. ಚಿತ್ರ ಸಿಕ್ಕಿ ಶಬ್ದ ಬರದಿರುವುದೂ ಉಂಟು. ಭಾರತದ ಪಾಲ್ ಟಿವಿ ವ್ಯವಸ್ಥೆಗೆ ಹೊಂದದ, ಬೇರೆ ದೇಶಕ್ಕೆಂದು ತಯಾರಾದ ಯಂತ್ರ ಸಿಕ್ಕರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತಿತ್ತು, ಇಲ್ಲವೇ ಮೇಲಿನಿಂದ ಕೆಳಕ್ಕೆ ಉರುಳುತ್ತಿತ್ತು. ಹೊಂದಿಸಿದ್ದೆಲ್ಲ ಸರಿಯಾದ ಹೊತ್ತಿಗೆ ಹಿರಿಯರಿಗೆ ದೂರದರ್ಶನದ ಚಿತ್ರಮಂಜರಿಯೋ ವಾರಾಂತ್ಯದ ಕನ್ನಡ ಸಿನಿಮಾವೋ ಬೇಕಾಗುತ್ತಿತ್ತು. ಆಗ ವೈರು ಮತ್ತೆ ಬದಲು.

ಆಟ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬ ಮಾತು ಪ್ರತಿ ಮನೆಯಲ್ಲೂ ಇತ್ತು. ಅದು ಪೂರ್ತಿ ಸುಳ್ಳಲ್ಲ. ಅಲುಗದ ಪ್ರಖರ ಚಿತ್ರ ಬಹುಕಾಲ ಒಂದೇ ಕಡೆ ನಿಂತರೆ ಟ್ಯೂಬಿನ ಒಳಲೇಪ ಸವೆದು ಗುರುತು ಉಳಿಯುವುದು ನಿಜ. ನಾಣ್ಯ ಹಾಕಿ ಆಡುವ ಅಂಗಡಿಗಳ ಪರದೆಗಳಲ್ಲಿ ಅಂಥ ಗುರುತು ಕಾಣುತ್ತಿತ್ತು. ಸಂಜೆ ಒಂದಷ್ಟು ಹೊತ್ತು ಮಾರಿಯೊ ಓಡಿದ್ದರಿಂದ ಮನೆಯ ಟಿವಿಗೆ ಅಂಥದ್ದೇನೂ ಆಗುವಂತಿರಲಿಲ್ಲ. ಆದರೆ ಮಕ್ಕಳನ್ನು ಓದಲು ಎಬ್ಬಿಸಲು ಇದಕ್ಕಿಂತ ಒಳ್ಳೆಯ ವಾದ ದೊಡ್ಡವರಿಗೆ ಬೇಕಿರಲಿಲ್ಲ.

ಆಟಗಳಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಎಲ್ಲರೂ ಕ್ಯಾಸೆಟ್ ಎಂದೇ ಕರೆಯುತ್ತಿದ್ದರು. ಯಂತ್ರದ ಜೊತೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ 9999999 ಆಟ ಎಂಬಂಥ ಸಂಖ್ಯೆ ಅಚ್ಚಾಗಿರುತ್ತಿತ್ತು. ಹಾಕಿ ನೋಡಿದರೆ ತೆರೆಯುತ್ತಿದ್ದದ್ದು ಒಂದು ಪಟ್ಟಿ. ಕೆಲವದರಲ್ಲಿ ಹಿಂದೆ ಕಡಲತೀರ, ತೆಂಗಿನ ಮರ, ಹಾರುವ ಹಕ್ಕಿ. ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋದಂತೆ ಗುಟ್ಟು ಹೊರಬೀಳುತ್ತಿತ್ತು. ನಿಜಕ್ಕೂ ಇದ್ದದ್ದು ಬೆರಳೆಣಿಕೆಯ ಆಟಗಳು. ಉಳಿದವೆಲ್ಲ ಅವೇ ಆಟಗಳ ಮರುಕಳಿಕೆ: ಮೂರನೆಯ ಸ್ಟೇಜಿನಿಂದ ಶುರುವಾಗುವ ಮಾರಿಯೊ, ಬೇರೆ ಬಣ್ಣದ ಟ್ಯಾಂಕ್, ಹೆಚ್ಚು ಲೈಫ್ ಇರುವ ಇನ್ನೊಂದು.

ಯಾವ ಆಟಗಳು ಈ ಪಟ್ಟಿಗೆ ಸೇರಿದವು ಎಂಬುದನ್ನು ತೀರ್ಮಾನಿಸಿದ್ದು ಕಿಲೊಬೈಟ್ ಲೆಕ್ಕ. ಫ್ಯಾಮಿಕಾಮ್ ಒಂದೇ ಬಾರಿಗೆ ಕ್ಯಾಸೆಟ್ಟಿನಿಂದ ಓದಬಲ್ಲದ್ದು 32 ಕಿಲೊಬೈಟ್ ಆಜ್ಞೆಗಳು ಮತ್ತು 8 ಕಿಲೊಬೈಟ್ ಚಿತ್ರಗಳು. ಮೊದಲ ಎರಡು ಮೂರು ವರ್ಷಗಳ ಆಟಗಳು ಈ ಮಿತಿಯೊಳಗೇ ಇದ್ದವು. ಡಾಂಕಿ ಕಾಂಗ್, ಎಕ್ಸೈಟ್‌ಬೈಕ್, ಬ್ಯಾಟ್ಲ್ ಸಿಟಿ, ಬಾಂಬರ್‌ಮ್ಯಾನ್ ಇವೆಲ್ಲ ತಲಾ 24 ಕಿಲೊಬೈಟ್. ಸೂಪರ್ ಮಾರಿಯೊ ಬ್ರದರ್ಸ್ 40 ಕಿಲೊಬೈಟ್. ಅದಕ್ಕಿಂತ ದೊಡ್ಡ ಆಟಕ್ಕೆ, ತುಂಡು ತುಂಡಾಗಿ ಅದಲುಬದಲು ಮಾಡಿ ತೋರಿಸುವ ಹೆಚ್ಚುವರಿ ಚಿಪ್ ಕ್ಯಾಸೆಟ್ಟಿನೊಳಗೇ ಇರಬೇಕು. ಅದು ಖರ್ಚಿನ ಬಾಬತ್ತು. ನಕಲು ಮಾಡುವವನಿಗೆ ಲಾಭ ಇದ್ದದ್ದು ಚಿಕ್ಕ ಆಟಗಳನ್ನು ಒಂದೇ ದೊಡ್ಡ ಚಿಪ್‌ನಲ್ಲಿ ಸಾಲಾಗಿ ತುಂಬುವುದರಲ್ಲಿ. ಹೀಗಾಗಿ 1995ರಲ್ಲಿ ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಹೊಸ ಯಂತ್ರ ತೆರೆದ ಹುಡುಗನಿಗೆ ಸಿಕ್ಕದ್ದು 1983ರಿಂದ 1986ರವರೆಗಿನ ಜಪಾನ್. ಅದೇ ಯಂತ್ರಕ್ಕೆ ಆಮೇಲೆ ಬಂದ ದೊಡ್ಡ ಸಾಹಸದ ಆಟಗಳು, ಓದಿ ಆಡುವ ಕಥೆಯ ಆಟಗಳು ಇಲ್ಲಿ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ.

ಆ ಪಟ್ಟಿಯ ರಾಜ ಮಾರಿಯೊ. ಸೂಪರ್ ಮಾರಿಯೊ ಬ್ರದರ್ಸ್ ಜಪಾನಿನಲ್ಲಿ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರ ವಿನ್ಯಾಸಕಾರರು, ಸಂಗೀತ ಕೋಜಿ ಕೊಂಡೊ ಅವರದು. ಎಂಟು ಲೋಕ, ಪ್ರತಿಯೊಂದರಲ್ಲಿ ನಾಲ್ಕು ಸ್ಟೇಜ್, ಒಟ್ಟು 32. ಹೊಸಬರಿಗೆ ಈ ಆಟ ಯಾವ ಸೂಚನೆಯನ್ನೂ ಓದಿಸುವುದಿಲ್ಲ. ಮೊದಲ ಸ್ಟೇಜಿನ ಮೊದಲ ಪರದೆಯೇ ಪಾಠ. ಮಾರಿಯೊ ಎಡಗಡೆ ನಿಂತಿರುತ್ತಾನೆ, ಬಲಗಡೆ ಬಯಲು. ಹೋಗಬೇಕಾದ ದಿಕ್ಕು ತಾನಾಗಿ ತಿಳಿಯುತ್ತದೆ. ಎದುರಿನಿಂದ ಅಣಬೆಯಂಥ ಪ್ರಾಣಿ ನಡೆದು ಬರುತ್ತದೆ. ಜಿಗಿಯದಿದ್ದರೆ ಸಾವು, ಜಿಗಿದು ಅದರ ಮೇಲೆ ಬಿದ್ದರೆ ಅದು ಚಪ್ಪಟೆ. ಮೇಲೆ ಪ್ರಶ್ನೆಚಿಹ್ನೆಯ ಇಟ್ಟಿಗೆಗೆ ತಲೆ ತಾಗಿದರೆ ನಾಣ್ಯ, ಇನ್ನೊಂದಕ್ಕೆ ತಾಗಿದರೆ ಕೆಂಪು ಅಣಬೆ. ಆ ಅಣಬೆ ಉರುಳಿ ಹೋಗಿ ಕೊಳವೆಗೆ ಬಡಿದು ಮಾರಿಯೊನತ್ತಲೇ ಹಿಂದಿರುಗುತ್ತದೆ. ಹೆದರಿ ತಪ್ಪಿಸಿಕೊಳ್ಳಲು ಹೊರಟವನಿಗೂ ಅದು ತಾಗಿ ಮಾರಿಯೊ ದೊಡ್ಡವನಾಗುತ್ತಾನೆ. ಕೆಲವೇ ಕ್ಷಣಗಳಲ್ಲಿ ಆಟದ ಕಾನೂನೆಲ್ಲ ಕಲಿತಾಗಿರುತ್ತದೆ. ಇಂಗ್ಲಿಷಾಗಲಿ ಜಪಾನಿಯಾಗಲಿ ಬಾರದ ಮಗುವಿಗೂ ಈ ಆಟ ಒಗ್ಗಿದ್ದರ ರಹಸ್ಯ ಇದೇ.

40 ಕಿಲೊಬೈಟ್‌ನಲ್ಲಿ ಇಷ್ಟು ತುಂಬಿಸಲು ಮಾಡಿದ ಉಳಿತಾಯ ಕಣ್ಣೆದುರೇ ಇತ್ತು. ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ದಿನವೂ ನೋಡಿದ ಎಷ್ಟೋ ಮಂದಿ ಅದನ್ನು ಗಮನಿಸಲೇ ಇಲ್ಲ. ಬಟನ್ ಒತ್ತಿ ಹಿಡಿದಷ್ಟು ಜಿಗಿತ ಎತ್ತರ, ಓಡುತ್ತ ಜಿಗಿದರೆ ಇನ್ನೂ ದೂರ. ಹೆಬ್ಬೆರಳಿನ ಅಳತೆಗೆ ಬೊಂಬೆ ಹೀಗೆ ಸ್ಪಂದಿಸಿದ್ದು ಮನೆಯ ಆಟಗಳಲ್ಲಿ ಆವರೆಗೆ ಅಪರೂಪ. ಗುಟ್ಟುಗಳು ಬಾಯಿಂದ ಬಾಯಿಗೆ ಹರಡಿದವು. ಮೊದಲ ಲೋಕದ ಎರಡನೆಯ ಸ್ಟೇಜಿನಲ್ಲಿ ಚಾವಣಿಯ ಮೇಲೇರಿ ಕೊನೆಯವರೆಗೆ ಓಡಿದರೆ ಎರಡು, ಮೂರು, ನಾಲ್ಕನೆಯ ಲೋಕಗಳಿಗೆ ಇಳಿಯುವ ಕೊಳವೆಗಳು. ಮೂರನೆಯ ಲೋಕದ ಮೊದಲ ಸ್ಟೇಜಿನ ಕೊನೆಗೆ, ಮೆಟ್ಟಿಲ ಮೇಲೆ ಆಮೆಯ ಚಿಪ್ಪನ್ನು ಮತ್ತೆ ಮತ್ತೆ ತುಳಿದರೆ ಲೈಫ್ ಮೇಲೆ ಲೈಫ್. ಆದರೆ ಆಸೆಗೆ ಮಿತಿ ಇರಬೇಕಿತ್ತು. ಲೈಫ್ ಎಣಿಕೆ ಕೂರುತ್ತಿದ್ದ ಜಾಗ ಒಂದೇ ಬೈಟ್. 128 ದಾಟಿದರೆ ಯಂತ್ರ ಅದನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆ ಎಂದು ಓದಿ, ಮುಂದಿನ ಸಾವಿಗೇ ಆಟ ಮುಗಿಸುತ್ತಿತ್ತು. ಆಟ ಮುಗಿದ ಮೇಲೆ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದಿಂದಲೇ ಮುಂದುವರಿಯಬಹುದು ಎಂಬ ಸಂಗತಿ ಮಾತ್ರ ಇಲ್ಲಿ ಅಷ್ಟಾಗಿ ಹರಡಲಿಲ್ಲ. ಕೈಪಿಡಿಯೇ ಇಲ್ಲದ ಕ್ಯಾಸೆಟ್ಟುಗಳಲ್ಲಿ ಅದು ತಿಳಿಯುವ ಬಗೆಯೂ ಇರಲಿಲ್ಲ.

ಎರಡನೆಯ ಆಕರ್ಷಣೆ ಪಿಸ್ತೂಲು. ಡಕ್ ಹಂಟ್ 1984ರ ಆಟ. ಹುಲ್ಲಿನಿಂದ ಬಾತುಕೋಳಿ ಹಾರುತ್ತದೆ, ಮೂರು ಗುಂಡಿನೊಳಗೆ ಹೊಡೆಯಬೇಕು, ತಪ್ಪಿದರೆ ನಾಯಿ ತಲೆ ಎತ್ತಿ ನಗುತ್ತದೆ. ಟಿವಿಗೆ ತಾಗದೆ, ದೂರದಿಂದಲೇ ಪ್ಲಾಸ್ಟಿಕ್ ಪಿಸ್ತೂಲು ಹೇಗೆ ಗುರಿ ತಿಳಿಯುತ್ತದೆ ಎಂಬುದು ದೊಡ್ಡವರಿಗೂ ಒಗಟಾಗಿತ್ತು. ಪಿಸ್ತೂಲಿನಿಂದ ಏನೋ ಹಾರಿ ಟಿವಿಗೆ ಬಡಿಯುತ್ತದೆ ಎಂಬ ಊಹೆಯೇ ಸಾಮಾನ್ಯ. ನಡೆಯುವುದು ಅದಕ್ಕೆ ವಿರುದ್ಧ: ಪಿಸ್ತೂಲಿನ ಕೊಳವೆಯಲ್ಲಿ ಬೆಳಕು ಗ್ರಹಿಸುವ ಸಾಧನವಿದೆ, ಅದು ಟಿವಿಯನ್ನು ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಒಮ್ಮೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಬಿಳಿ ಕಂಡರೆ ಗುರಿ ಸರಿ. ಎರಡು ಕೋಳಿಗಳಿದ್ದರೆ ಎರಡು ಚೌಕ ಒಂದಾದ ಮೇಲೊಂದು ಬರುತ್ತವೆ; ಯಾವ ಚೌಕದ ಹೊತ್ತಿಗೆ ಬೆಳಕು ಸಿಕ್ಕಿತು ಎಂಬುದರಿಂದ ಯಾವ ಕೋಳಿ ಬಿತ್ತು ಎಂಬ ತೀರ್ಪು. ಮೊದಲ ಕಪ್ಪು ಪರದೆ ಇರುವುದೇ ಮೋಸ ತಡೆಯಲು. ಪಿಸ್ತೂಲನ್ನು ಉರಿಯುವ ಬಲ್ಬಿನತ್ತ ತಿರುಗಿಸಿದವನಿಗೆ ಕಪ್ಪು ಕಾಣುವುದಿಲ್ಲ, ಆದ್ದರಿಂದ ಅಂಕವೂ ಇಲ್ಲ. ಮೂತಿಯನ್ನು ಟಿವಿ ಗಾಜಿಗೇ ಒತ್ತಿ ಹಿಡಿಯುವ ಅಡ್ಡದಾರಿಗೆ ಮಾತ್ರ ತಡೆ ಇರಲಿಲ್ಲ. ಒಂದೇ ಕೋಳಿಯ ಆಟದಲ್ಲಿ ಇನ್ನೊಬ್ಬ ಜಾಯ್‌ಸ್ಟಿಕ್ ಹಿಡಿದು ಕೋಳಿಯನ್ನೇ ಅತ್ತಿತ್ತ ಹಾರಿಸಬಹುದಿತ್ತು. ಅಣ್ಣತಮ್ಮಂದಿರ ಜಗಳಕ್ಕೆ ಅಷ್ಟು ಸಾಕಾಗಿತ್ತು.

ಇಬ್ಬರು ಒಟ್ಟಿಗೆ ಕೂತು ಆಡುವ ಆಟಗಳಿಗೆ ಬೇರೆಯದೇ ಮರ್ಯಾದೆ ಇತ್ತು. ನಾಮ್ಕೊದ ಬ್ಯಾಟ್ಲ್ ಸಿಟಿ, 1985ರದು, ಇಲ್ಲಿ ಬರೀ ಟ್ಯಾಂಕ್ ಆಟ. ಇಟ್ಟಿಗೆ ಗೋಡೆಗಳ ನಡುವೆ ಹದ್ದಿನ ಗುರುತಿನ ನೆಲೆಯನ್ನು ಕಾಯುತ್ತ ಒಂದೊಂದು ಸ್ಟೇಜಿನಲ್ಲೂ ಇಪ್ಪತ್ತು ಶತ್ರು ಟ್ಯಾಂಕ್ ಹೊಡೆಯಬೇಕು; ಒಟ್ಟು 35 ಸ್ಟೇಜ್. ಜೊತೆಗಾರನ ಗುಂಡು ತಾಗಿದರೆ ತನ್ನ ಟ್ಯಾಂಕ್ ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತದೆ. ನೆಲೆಯನ್ನು ಸ್ವಂತ ಗುಂಡಿನಿಂದಲೇ ಒಡೆದುಕೊಳ್ಳುವುದೂ ಸಾಧ್ಯ. ಆದ್ದರಿಂದ ಯಾರು ಮುಂದೆ ಹೋಗಬೇಕು, ಯಾರು ಹಿಂದೆ ಕಾಯಬೇಕು ಎಂದು ಮೊದಲೇ ಮಾತಾಡಿಕೊಳ್ಳಬೇಕಿತ್ತು. ಇಟ್ಟಿಗೆ, ಉಕ್ಕು, ನೀರು, ಮರ ಜೋಡಿಸಿ ಸ್ವಂತ ಸ್ಟೇಜ್ ಕಟ್ಟುವ ಸೌಲಭ್ಯವೂ ಇತ್ತು. ಇದನ್ನೇ ತಿದ್ದಿ ಮಾಡಿದ ಟ್ಯಾಂಕ್ 1990 ಎಂಬ ರೂಪ ನಕಲು ಕ್ಯಾಸೆಟ್ಟುಗಳಲ್ಲಿ ಬಹಳ ಕಡೆ ಸಿಗುತ್ತಿತ್ತು.

1985ರ ಐಸ್ ಕ್ಲೈಂಬರ್‌ನಲ್ಲಿ ಜೊತೆಗಾರಿಕೆಗೆ ಇನ್ನೂ ಕಠಿಣ ಪರೀಕ್ಷೆ. ಮಂಜಿನ ಬೆಟ್ಟವನ್ನು ಸುತ್ತಿಗೆಯಿಂದ ಒಡೆಯುತ್ತ ಇಬ್ಬರೂ ಮೇಲೇರಬೇಕು. ಒಬ್ಬ ಬೇಗ ಹತ್ತಿದರೆ ಪರದೆ ಅವನ ಜೊತೆ ಮೇಲಕ್ಕೆ ಹೋಗುತ್ತದೆ, ಕೆಳಗುಳಿದವನು ಸಾಯುತ್ತಾನೆ. ಬಲೂನ್ ಫೈಟ್‌ನಲ್ಲಿ ಬೆನ್ನಿಗೆ ಬಲೂನ್ ಕಟ್ಟಿಕೊಂಡು ತೇಲುತ್ತ ಎದುರಾಳಿಯ ಬಲೂನ್ ಒಡೆಯಬೇಕು. ಅದರ ಪ್ರೋಗ್ರಾಮ್ ಬರೆದವರು ಸತೋರು ಇವಾಟಾ. 2002ರಲ್ಲಿ ಅವರೇ ನಿಂಟೆಂಡೊದ ಅಧ್ಯಕ್ಷರಾದರು.

ಚಿಕ್ಕ ಆಟಗಳ ನಿಯಮಕ್ಕೆ ಹೊರತಾಗಿ ಇಲ್ಲಿ ಮನೆಮಾತಾದದ್ದು ಕಾಂಟ್ರಾ. ಕೊನಾಮಿ ಅದನ್ನು 1987ರಲ್ಲಿ ನಾಣ್ಯದ ಯಂತ್ರಕ್ಕೆ, 1988ರಲ್ಲಿ ಮನೆಯ ಯಂತ್ರಕ್ಕೆ ತಂದಿತು. ಗಾತ್ರ 128 ಕಿಲೊಬೈಟ್. ಆದರೆ ಅದರ ಅಮೆರಿಕದ ಆವೃತ್ತಿಗೆ ಬೇಕಾದ ಹೆಚ್ಚುವರಿ ವ್ಯವಸ್ಥೆ ಬಲು ಸರಳವಾದದ್ದು, ಎಲ್ಲೆಡೆ ಸಿಗುವ ಅಗ್ಗದ ಚಿಪ್‌ಗಳಿಂದಲೇ ಆಗುವಂಥದ್ದು. ಆದ್ದರಿಂದ ಇದೂ ನಕಲಿಗೆ ಒದಗಿತು. ಇಬ್ಬರು ಸೈನಿಕರು, ಎಂಟು ಸ್ಟೇಜ್, ಒಂದು ಗುಂಡು ತಾಗಿದರೆ ಒಂದು ಲೈಫ್ ಖಲಾಸ್. ಎಸ್ ಅಕ್ಷರದ ಗುಳಿಗೆ ಸಿಕ್ಕಿದವನ ಬಂದೂಕಿನಿಂದ ಬೀಸಣಿಗೆಯಂತೆ ಗುಂಡು ಹರಡುತ್ತಿತ್ತು. ಅದಕ್ಕಾಗಿ ಇಬ್ಬರ ನಡುವೆ ನೂಕಾಟ. ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ ಬಲ ಎಡ ಬಲ, ಬಿ, ಎ ಎಂದು ಒತ್ತಿದರೆ 30 ಲೈಫ್ ಸಿಗುವ ಮಂತ್ರ ಮೂಲತಃ ಗ್ರೇಡಿಯಸ್ ಎಂಬ ಆಟದ 1986ರ ಫ್ಯಾಮಿಕಾಮ್ ಆವೃತ್ತಿಯದು. ಆ ಆಟವನ್ನು ಫ್ಯಾಮಿಕಾಮ್‌ಗೆ ಅಳವಡಿಸಿದ ಕಜುಹಿಸಾ ಹಶಿಮೊಟೊ, ಆಟ ತಮಗೇ ಕಷ್ಟವೆನಿಸಿ, ಪರೀಕ್ಷೆಗೆ ಅನುಕೂಲವಾಗಲೆಂದು ಈ ಮಂತ್ರವನ್ನು ಸೇರಿಸಿದ್ದರು.

ಒಬ್ಬರೇ ಆಡುವ ಆಟಗಳಲ್ಲಿ 1984ರ ಎಕ್ಸೈಟ್‌ಬೈಕ್‌ಗೆ ಹೆಚ್ಚು ಬೇಡಿಕೆ. ಬಿ ಬಟನ್ ಒತ್ತಿದರೆ ವೇಗ ಹೆಚ್ಚು, ಆದರೆ ಎಂಜಿನ್ ಕಾಯುತ್ತದೆ. ಮಿತಿ ಮೀರಿದರೆ ಬೈಕ್ ಬದಿಗೆ ನಿಂತುಬಿಡುತ್ತದೆ. ಇದರಲ್ಲೂ ಸ್ವಂತ ಟ್ರ್ಯಾಕ್ ರಚಿಸಬಹುದಿತ್ತು. ಅದನ್ನು ಉಳಿಸಿಡುವ ಆಯ್ಕೆ ಪಟ್ಟಿಯಲ್ಲಿದ್ದರೂ ಇಲ್ಲಿ ಅದು ನಿರುಪಯೋಗಿ. ಟೇಪಿನ ಮೇಲೆ ಮಾಹಿತಿ ಬರೆಯುವ, ಜಪಾನಿನಲ್ಲಿ ಮಾತ್ರ ಮಾರಿದ ಬೇರೆ ಸಾಧನವೊಂದು ಅದಕ್ಕೆ ಬೇಕಿತ್ತು. ಕೊನಾಮಿಯ ರೋಡ್ ಫೈಟರ್‌ನಲ್ಲಿ ಪೆಟ್ರೋಲ್ ಮುಗಿಯುವ ಮೊದಲು ಕಾರು ಗುರಿ ಮುಟ್ಟಬೇಕು. ಸರ್ಕಸ್ ಚಾರ್ಲಿಯಲ್ಲಿ ಸಿಂಹದ ಮೇಲೆ ಕೂತು ಬೆಂಕಿಯ ಬಳೆ ದಾಟಬೇಕು. ಹಡ್ಸನ್‌ನ ಅಡ್ವೆಂಚರ್ ಐಲ್ಯಾಂಡ್, 1986ರದು, ಮಾರಿಯೊನಂತೆಯೇ ಕಂಡರೂ ಒಂದು ವ್ಯತ್ಯಾಸವಿತ್ತು: ಹಸಿವು. ಹಣ್ಣು ತಿನ್ನುತ್ತಲೇ ಓಡದಿದ್ದರೆ ಶಕ್ತಿ ಕರಗಿ ಸಾವು, ನಿಂತು ಯೋಚಿಸುವಂತಿರಲಿಲ್ಲ. ಅದೇ ಕಂಪನಿಯ ಬಾಂಬರ್‌ಮ್ಯಾನ್‌ನಲ್ಲಿ 50 ಸ್ಟೇಜ್. ಆಟ ಮುಗಿದಾಗ ಪರದೆಯಲ್ಲಿ ಮೂಡುವ ಉದ್ದನೆಯ ಅಕ್ಷರಮಾಲೆಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮರುದಿನ ಅಲ್ಲಿಂದಲೇ ಮುಂದುವರಿಯಬಹುದಿತ್ತು. ಒಂದಕ್ಷರ ತಪ್ಪಿದರೂ ಮೊದಲಿನಿಂದ ಶುರು.

ಉಳಿದ ಹೆಚ್ಚಿನ ಆಟಗಳಿಗೆ ಆ ಸೌಲಭ್ಯವೂ ಇರಲಿಲ್ಲ. ಸ್ಥಿತಿಯನ್ನು ಕಾಪಾಡಲು ಕ್ಯಾಸೆಟ್ಟಿನೊಳಗೆ ಬ್ಯಾಟರಿ ಬೇಕು. ಅಗ್ಗದ ಕ್ಯಾಸೆಟ್ಟಿನಲ್ಲಿ ಅದಿರಲಿಲ್ಲ. ಕರೆಂಟ್ ಹೋದರೆ ಏಳನೆಯ ಲೋಕದಲ್ಲಿದ್ದ ಮಾರಿಯೊ ಮತ್ತೆ ಮೊದಲ ಲೋಕದಲ್ಲಿ. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಎಂಟನೆಯ ಲೋಕದ ಕೋಟೆಯವರೆಗೆ ತಲುಪಿ ರಾಜಕುಮಾರಿಯನ್ನು ಬಿಡಿಸಿದವರು ಬೀದಿಗೆ ಒಬ್ಬಿಬ್ಬರು. ಕರೆಂಟ್ ಬಂದಾಗಿನ ಏರಿಳಿತಕ್ಕೆ ಅಡಾಪ್ಟರ್ ಸುಡುವುದೂ ಸಾಮಾನ್ಯವಾಗಿತ್ತು; ರೇಡಿಯೊ ರಿಪೇರಿಯವರ ಬಳಿ ಅದರ ಚಿಕಿತ್ಸೆ.

ಆಗ ಸಹಜವೆಂದು ಒಪ್ಪಿಕೊಂಡಿದ್ದ ಕೆಲವು ಸಂಗತಿಗಳಿಗೆ ಈಗ ಕಾರಣ ಹೇಳಬಹುದು. ಪರದೆಯಲ್ಲಿ ಶತ್ರುಗಳು ಹೆಚ್ಚಾದಾಗ ಅವರು ಮಿಣುಕುತ್ತಿದ್ದರು. ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಂಡುಗಳನ್ನು ಈ ಯಂತ್ರ ತೋರಿಸಲಾರದು. ಆದ್ದರಿಂದ ಆಟಗಳು ಅವನ್ನು ಸರದಿಯಂತೆ ತೋರಿಸುತ್ತಿದ್ದವು. ಕ್ಯಾಸೆಟ್ ಓದದಿದ್ದರೆ ಅದರ ಬಾಯಿಗೆ ಊದುವುದು ಎಲ್ಲರಿಗೂ ತಿಳಿದ ಮದ್ದು. ವಾಸ್ತವದಲ್ಲಿ ಕೆಲಸ ಮಾಡಿದ್ದು ಊದುವಿಕೆಯಲ್ಲ, ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದು. ಉಸಿರಿನ ತೇವದಿಂದ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಊದಬೇಡಿ ಎಂದು ನಿಂಟೆಂಡೊವೇ ಎಚ್ಚರಿಸಿತ್ತು. ಅಮೆರಿಕದ ನೆಂಟರು ಪ್ರೀತಿಯಿಂದ ತಂದ ಅಸಲಿ ಕ್ಯಾಸೆಟ್ ಇಲ್ಲಿನ ಯಂತ್ರಕ್ಕೆ ಹೋಗುತ್ತಲೇ ಇರಲಿಲ್ಲ. ಅಮೆರಿಕದ ಕ್ಯಾಸೆಟ್ಟಿಗೆ 72 ಹಲ್ಲು, ಜಪಾನಿನದಕ್ಕೂ ಅದರ ನಕಲುಗಳಿಗೂ 60.

ಇವೆಲ್ಲಕ್ಕಿಂತ ಸ್ವಾರಸ್ಯದ್ದು ವೇಗದ ವಿಷಯ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಭಾರತದ ಪಾಲ್ ಟಿವಿ 50 ಸಲ. ಆ ಕಾಲದ ಆಟಗಳು ಪ್ರತಿ ಚಿತ್ರಕ್ಕೊಂದು ಹೆಜ್ಜೆ ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದವು. ಹಾಗಾಗಿ ಪಾಲ್‌ಗೆ ಹೊಂದಿಸಿದ ಯಂತ್ರದಲ್ಲಿ ಜಪಾನಿನ ಆಟ ಹಾಕಿದರೆ ಓಟ, ಜಿಗಿತ, ಸಂಗೀತ ಎಲ್ಲವೂ ಆರನೆಯ ಒಂದು ಭಾಗದಷ್ಟು ನಿಧಾನ. ಬಾಲ್ಯದ ಮಾರಿಯೊ ಸಂಗೀತವನ್ನು ಇಂದು ಮೂಲ ರೂಪದಲ್ಲಿ ಕೇಳಿದವರಿಗೆ ಅದು ಅವಸರದ್ದೆನಿಸುವುದು ನೆನಪಿನ ತಪ್ಪಲ್ಲ. ಅವರು ಕೇಳಿ ಬೆಳೆದದ್ದೇ ಬೇರೆ ಲಯ.

ದಶಕದ ಕೊನೆಗೆ ಮನೆಗಳಿಗೆ ಕಂಪ್ಯೂಟರ್ ಬಂತು, ಸಿರಿವಂತರ ಮನೆಗೆ ಪ್ಲೇಸ್ಟೇಷನ್ ಬಂತು. ಟಿವಿ ಗೇಮ್ ಜಾತ್ರೆಯ ಅಂಗಡಿಗಳಿಗೆ ಇಳಿಯಿತು. 2003ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ತಯಾರಿಕೆ ನಿಲ್ಲಿಸಿತು. ಆ ಹೊತ್ತಿಗೆ ಅಸಲಿ ಯಂತ್ರಗಳೇ ಜಗತ್ತಿನಾದ್ಯಂತ 6.19 ಕೋಟಿ ಮಾರಾಟವಾಗಿದ್ದವು. ನಕಲುಗಳು ಈ ಲೆಕ್ಕದಲ್ಲಿಲ್ಲ. 2016ರಲ್ಲಿ ಕಂಪನಿ 30 ಆಟ ತುಂಬಿದ ಪುಟ್ಟ ರೂಪವೊಂದನ್ನು ಮತ್ತೆ ಮಾರಿತು. ಮಾರಿಯೊ, ಎಕ್ಸೈಟ್‌ಬೈಕ್, ಐಸ್ ಕ್ಲೈಂಬರ್, ಬಲೂನ್ ಫೈಟ್ ಅದರಲ್ಲಿದ್ದವು.

ಈ ಆಟಗಳ ಬಗ್ಗೆ ಕೊನೆಗೆ ಹೇಳಬಹುದಾದದ್ದು ಇಷ್ಟು: ಅವು ಭಾರತಕ್ಕೆ ಬಂದದ್ದು ಚಿಕ್ಕವಾಗಿದ್ದ ಕಾರಣಕ್ಕೆ, ಉಳಿದದ್ದು ಚೆನ್ನಾಗಿದ್ದ ಕಾರಣಕ್ಕೆ. ಹತ್ತು ವರ್ಷ ತಡವಾಗಿ, ಹೆಸರು ಕಳೆದುಕೊಂಡು, ಕೈಪಿಡಿಯಿಲ್ಲದೆ ಬಂದರೂ ಅವು ಮಕ್ಕಳಿಗೆ ಹಳತೆನಿಸಲಿಲ್ಲ. 24 ಕಿಲೊಬೈಟ್‌ನ ಟ್ಯಾಂಕ್ ಆಟ ಇಂದಿಗೂ ಇಬ್ಬರನ್ನು ಒಂದು ಸಂಜೆ ಕೂರಿಸಬಲ್ಲದು. ಅಟ್ಟದ ಮೇಲೆ ಹಳೆಯ ಸೆಟ್ ಇಟ್ಟವರು ಅದನ್ನು ತೆಗೆದು ನೋಡಬಹುದು. ಅಡಾಪ್ಟರನ್ನು ಮೊದಲು ಪರೀಕ್ಷಿಸಲಿ, ಕ್ಯಾಸೆಟ್ಟಿನ ಹಲ್ಲುಗಳನ್ನು ಊದದೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಲಿ. ಮಾರಿಯೊ ಇಂದಿನ ತೆಳು ಟಿವಿಯಲ್ಲೂ ಓಡುತ್ತಾನೆ. ಪಿಸ್ತೂಲು ಮಾತ್ರ ಅದರಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಕ್ಷಣದ ಬೆಳಕು ಹಳೆಯ ಪಿಕ್ಚರ್ ಟ್ಯೂಬಿನಲ್ಲಷ್ಟೇ ಸರಿಯಾದ ಹೊತ್ತಿಗೆ ಮೂಡುತ್ತದೆ. ಬಾತುಕೋಳಿ ಹೊಡೆಯುವ ಆಸೆ ಉಳಿದಿರುವವರು ಹಳೆಯ ಟಿವಿಯನ್ನು ಗುಜರಿಗೆ ಹಾಕದಿರುವುದು ಒಳ್ಳೆಯದು.